ಸಿನಿಮಾದ ಗಾರ್ಡಿಯನ್‌ಗೆ ಯಾಕೆ ಯಾರೂ ಲೆಕ್ಕ ಕೇಳುವುದಿಲ್ಲ?

ಮೂಲೆ ಸೀಟು:
ಈ ಸೀನ್ ನೀವೂ ನೋಡಿರುತ್ತೀರಿ. ಅಪ್ಪ ಅಮ್ಮ ಅಪಘಾತದಲ್ಲಿ ತೀರಿಕೊಳ್ಳುತ್ತಾರೆ. ಉಳಿದವಳು ಹನ್ನೆರಡು ವರ್ಷದ ಮಗಳು. ದೊಡ್ಡ ಮನೆ, ಕಾಫಿ ತೋಟ. ಹದಿಮೂರನೇ ದಿನ ಕಳೆಯುವ ಮೊದಲೇ ಚಿಕ್ಕಪ್ಪ ಹಾಜರ್. ಲಾಯರ್ ಒಬ್ಬ ಕನ್ನಡಕ ಏರಿಸಿಕೊಂಡು, "ಹುಡುಗಿಗೆ ಹದಿನೆಂಟು ತುಂಬುವವರೆಗೆ ಇವರೇ ಗಾರ್ಡಿಯನ್" ಅಂತ ಓದುತ್ತಾನೆ. ಮುಂದಿನ ಸೀನ್‌ನಲ್ಲಿ ತೋಟ ಮಾರಾಟ, ಹುಡುಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ.

ಚಿಕ್ಕಪ್ಪ ಕೆಟ್ಟವನಾಗಿರುವುದಕ್ಕೆ ನನ್ನ ತಕರಾರಿಲ್ಲ. ಅಂಥವರು ಬೇಕಾದಷ್ಟು ಇದ್ದಾರೆ. ತಕರಾರು ಇರುವುದು ಆ ಮಾರಾಟದ ಬಗ್ಗೆ. 1956ರ ಹಿಂದೂ ಅಪ್ರಾಪ್ತರ ಮತ್ತು ಗಾರ್ಡಿಯನ್‌ಶಿಪ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸುಮ್ನೆ ಮನೆಯಲ್ಲಿ ಇಟ್ಟುಕೊಂಡು ಸಾಕುತ್ತಿರುವವನಿಗೆ ಮಗುವಿನ ಆಸ್ತಿ ಮಾರುವ ಅಧಿಕಾರವೇ ಇಲ್ಲ. ಹೆತ್ತ ಅಪ್ಪನೇ ಆದರೂ ಮಗುವಿನ ಸ್ವಂತ ಜಮೀನು ಮಾರಲು ಕೋರ್ಟಿನ ಅನುಮತಿ ಬೇಕು. ಅದು 8ನೇ ಸೆಕ್ಷನ್. ಇನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಕೋರ್ಟೇ ಆಸ್ತಿಗೆ ಗಾರ್ಡಿಯನ್ ನೇಮಿಸಿದರೂ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಐದು ವರ್ಷಕ್ಕಿಂತ ಜಾಸ್ತಿ ಗುತ್ತಿಗೆ ಕೊಡುವಂತಿಲ್ಲ. ಎಲ್ಲಕ್ಕೂ ಮೊದಲು ಅನುಮತಿ ತರಬೇಕು. ಏನೇನು ಆಸ್ತಿ ಇದೆ ಅಂತ ಕೋರ್ಟಿಗೆ ಪಟ್ಟಿ ಕೊಡಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಹಾಳು ಮಾಡಿದರೆ ತೆಗೆದುಹಾಕುತ್ತಾರೆ.

ಪರದೆ ಮೇಲೆ ಗಾರ್ಡಿಯನ್ ಅಂದರೆ ಯಜಮಾನ. ಕಾನೂನಿನಲ್ಲಿ ಅವನು ಲೆಕ್ಕ ಕೊಡಬೇಕಾದವನು. ಈ ಒಂದು ವ್ಯತ್ಯಾಸ ಮುಚ್ಚಿಟ್ಟರೆ ಉಳಿದ ಕಥೆಯೆಲ್ಲ ಸಲೀಸಾಗಿ ಓಡುತ್ತದೆ. ದತ್ತು, ಅನಾಥಾಶ್ರಮ, ಮಾನಸಿಕ ಆಸ್ಪತ್ರೆ ಸೀನ್‌ಗಳಲ್ಲೂ ಇದೇ ಆಟ ಅನ್ನಿಸುತ್ತದೆ. ನಿಮಗೆ ಕಿರಿಕಿರಿ ಮಾಡಿದ ಸೀನ್ ಯಾವುದು?

ಹಳೇ ಗುಮಾಸ್ತ:
ಕೋರ್ಟ್ ಸೀನ್. ಬೇರೆ ಮಾತೇ ಇಲ್ಲ.

ಮಗು ಯಾರ ಹತ್ತಿರ ಇರಬೇಕು ಅನ್ನೋ ಕೇಸು ಸಿನಿಮಾದಲ್ಲಿ ತುಂಬಿದ ಹಾಲ್‌ನಲ್ಲಿ ನಡೆಯುತ್ತದೆ. ಆರು ವರ್ಷದ ಮಗುವನ್ನು ಕಟಕಟೆ ಹತ್ತಿಸುತ್ತಾರೆ. "ಅಪ್ಪ ಬೇಕಾ, ಅಮ್ಮ ಬೇಕಾ?" ಮಗು ಓಡಿಹೋಗಿ ಒಬ್ಬರನ್ನು ತಬ್ಬಿಕೊಳ್ಳುತ್ತದೆ. ಜಡ್ಜ್ ಕಣ್ಣೊರೆಸಿಕೊಂಡು ಸುತ್ತಿಗೆ ಕುಟ್ಟುತ್ತಾರೆ. ಈ ಸುತ್ತಿಗೆಯನ್ನು ನಾನು ಕೆಲಸ ಮಾಡಿದ ಯಾವ ಕೋರ್ಟಿನಲ್ಲೂ ನೋಡಿಲ್ಲ, ಅದು ಬೇರೆ ಮಾತು.

ಇಂಥ ಕೇಸು ಬರುವುದು ಫ್ಯಾಮಿಲಿ ಕೋರ್ಟಿಗೆ, ಅದು ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ. 1984ರ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯಲ್ಲಿ, ಎರಡು ಕಡೆಯವರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಲಾಯರ್ ಇಟ್ಟುಕೊಳ್ಳುವುದು ಅಲ್ಲಿ ಹಕ್ಕೂ ಅಲ್ಲ, ಕೋರ್ಟ್ ಒಪ್ಪಬೇಕು. ಹೀಗಿರುವಾಗ ಹತ್ತು ನಿಮಿಷ ಅಬ್ಬರಿಸುವ ಲಾಯರ್ ಎಲ್ಲಿಂದ ಬಂದ?

ನಾನು ನೋಡಿದ್ದು ಹೀಗೆ. ಜಡ್ಜ್ ಮಗುವನ್ನು ತಮ್ಮ ಚೇಂಬರಿಗೆ ಕರೆಸುತ್ತಾರೆ. ಅಪ್ಪ ಅಮ್ಮ ಇಬ್ಬರೂ ಹೊರಗೆ. ಯಾರು ಬೇಕು ಅಂತ ನೇರವಾಗಿ ಕೇಳುವುದು ಕಡಿಮೆ. ಬೆಳಿಗ್ಗೆ ಜಡೆ ಹಾಕೋದು ಯಾರು? ಹೋಮ್‌ವರ್ಕ್ ಮಾಡದೆ ಹೋದರೆ ಯಾರು ಬೈತಾರೆ? ರಾತ್ರಿ ಹೆದರಿಕೆ ಆದರೆ ಯಾರ ರೂಮಿಗೆ ಹೋಗ್ತೀಯ? ಮಾತು ಹೀಗೆ ಹೋಗುತ್ತದೆ. ಒಂದು ಸಲ ಒಂದು ಮಗು ಮೂರಕ್ಕೂ "ಅಜ್ಜಿ" ಅಂದಿತ್ತು. ಅಜ್ಜಿ ಕೇಸಿನಲ್ಲಿ ಪಾರ್ಟಿಯೇ ಅಲ್ಲ. ಫೈಲ್ ಅಲ್ಲಿಂದ ದಿಕ್ಕು ಬದಲಿಸಿತು.

ಮಗುವಿನ ಇಷ್ಟಕ್ಕೆ ಬೆಲೆ ಇದೆ. ಬುದ್ಧಿ ಬಲಿತ ವಯಸ್ಸಾಗಿದ್ದರೆ ಅದನ್ನು ಪರಿಗಣಿಸಬಹುದು ಅಂತ 1890ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ಆದರೆ ಅದೊಂದೇ ತೀರ್ಪಲ್ಲ. ವಯಸ್ಸು, ಗಾರ್ಡಿಯನ್ ಆಗಲು ಬಂದವನ ನಡತೆ, ಅವನ ಯೋಗ್ಯತೆ, ರಕ್ತಸಂಬಂಧ, ತೀರಿಕೊಂಡ ತಂದೆತಾಯಿಯ ಆಸೆ, ಮಗುವಿನ ಜೊತೆ ಅವನಿಗೆ ಮೊದಲಿನಿಂದ ಇರುವ ಒಡನಾಟ, ಎಲ್ಲವನ್ನೂ ತೂಗಬೇಕು.

ಹಳೇ ಟಾಕೀಸು:
ಎಲ್ಲರೂ ಸರಿ ಹೇಳ್ತಿದ್ದೀರಿ. ಆದರೂ ಕೇಳ್ತೀನಿ. ವಾಯಿದೆ ಮೇಲೆ ವಾಯಿದೆ ಬೀಳೋ ಸಿನಿಮಾ ದುಡ್ಡು ಕೊಟ್ಟು ಯಾರು ನೋಡ್ತಾರೆ? ನನಗೆ ಬೇಕಿರೋದು ಕಥೆ, ಗೆಜೆಟ್ ಅಲ್ಲ. ಹೀರೋ ಹಾರಿದರೆ ಭೌತಶಾಸ್ತ್ರ ಕೇಳಲ್ಲ, ಇಲ್ಲಿ ಮಾತ್ರ ಸೆಕ್ಷನ್ ಯಾಕೆ?

ಮೂಲೆ ಸೀಟು:
ಹೀರೋ ಹಾರಿದ್ದು ನೋಡಿ ಯಾರೂ ಮಹಡಿಯಿಂದ ಹಾರಲ್ಲ. ಆದರೆ ಮಗುವಿನ ವಿಷಯಕ್ಕೆ ಯಾವ ಬಾಗಿಲು ತಟ್ಟಬೇಕು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿರುವುದೇ ಸಿನಿಮಾದಿಂದ, ಸೀರಿಯಲ್‌ನಿಂದ. ಶಾಲೆಯಲ್ಲಿ ಹೇಳಿಕೊಡಲ್ಲ. ಅಲ್ವಾ?

ತೊಟ್ಟಿಲು:
ನಾವು ದತ್ತು ಪಡೆದವರು. ಹಾಗಾಗಿ ನನ್ನ ಕಿರಿಕಿರಿ ದೇವಸ್ಥಾನದ ಮೆಟ್ಟಿಲ ಮೇಲೆ ಸಿಗುವ ಮಗು.

ಹೀರೋಗೆ ಮಗು ಸಿಗುತ್ತದೆ. ಆಕಾಶ ನೋಡುತ್ತಾನೆ. ಎತ್ತಿಕೊಂಡು ಮನೆಗೆ ಹೋಗುತ್ತಾನೆ. ಒಂದು ಹಾಡು ಮುಗಿಯುವಷ್ಟರಲ್ಲಿ ಮಗು ಶಾಲೆಗೆ ಹೋಗುತ್ತಿದೆ. ನಿಜ ಜೀವನದಲ್ಲಿ ಹಾಗೆ ಮಾಡಿದರೆ ಅದು ಅಪರಾಧ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಬಿಟ್ಟುಹೋದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲ ಎರಡೂ.

ಈ ನಿಯಮ ಯಾಕೆ ಅಂತ ಯೋಚಿಸಿ. ಆ ಮಗು ಕಳೆದುಹೋದದ್ದಿರಬಹುದು, ಕದ್ದು ತಂದದ್ದಿರಬಹುದು. ಎಲ್ಲೋ ಒಬ್ಬ ತಾಯಿ ಹುಡುಕುತ್ತಿರಬಹುದು. ಅದಕ್ಕೇ ಸಮಿತಿ ಮೊದಲು ಹೆತ್ತವರನ್ನು ಹುಡುಕುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಿನಲ್ಲಿ ಈ ಹುಡುಕಾಟ ಮುಗಿಸಬೇಕು. ಯಾರೂ ಸಿಗದಿದ್ದರೆ ಮಾತ್ರ ದತ್ತುವಿಗೆ ಮುಕ್ತ ಅಂತ ಘೋಷಿಸುತ್ತಾರೆ. ತಾಯಿಯೇ ಬಂದು ಒಪ್ಪಿಸಿದರೂ ಅವಳಿಗೆ ಮನಸ್ಸು ಬದಲಿಸಲು 60 ದಿನ ಸಮಯವಿದೆ. ನಾವು ಕಾಯುತ್ತಿದ್ದಾಗ ಈ ದಿನಗಳನ್ನು ಬೈದುಕೊಂಡಿದ್ದೇವೆ. ಆದರೆ ಅವು ನಮಗಾಗಿ ಇಟ್ಟ ದಿನಗಳಲ್ಲ, ಆ ತಾಯಿಗಾಗಿ ಇಟ್ಟವು.

ಇನ್ನೊಂದು ಮಾತು. ಮದುವೆಯಾಗದ ಹೀರೋ ಹೆಣ್ಣು ಮಗುವನ್ನು ದತ್ತು ತಗೊಂಡು ಸಾಕುವ ಕಥೆ ನಮ್ಮವರಿಗೆ ಬಹಳ ಇಷ್ಟ. ಈ ಕಾಯ್ದೆಯಲ್ಲಿ ಒಂಟಿ ಗಂಡಸಿಗೆ ಹೆಣ್ಣು ಮಗು ದತ್ತು ಕೊಡುವುದೇ ಇಲ್ಲ. ಒಂಟಿ ಹೆಂಗಸು ಗಂಡಾಗಲಿ ಹೆಣ್ಣಾಗಲಿ ಯಾವ ಮಗುವನ್ನಾದರೂ ಪಡೆಯಬಹುದು. ನಿಯಮ ಸರಿಯೋ ತಪ್ಪೋ ಜಗಳ ಆಡಬಹುದು. ಕಥೆಗಾರ ಆ ಜಗಳವನ್ನೇ ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ನಮಗೂ ಅಡ್ಡದಾರಿ ತೋರಿಸಿದವರಿದ್ದರು. ಒಂದು ನರ್ಸಿಂಗ್ ಹೋಮ್‌ನ ಆಯಾ ಫೋನ್ ಮಾಡಿದ್ದಳು. "ಗಂಡು ಮಗು, ಕೇಸಿಲ್ಲ, ಪೇಪರಿಲ್ಲ, ಬರ್ತ್ ಸರ್ಟಿಫಿಕೇಟ್ ನಿಮ್ಮ ಹೆಸರಲ್ಲೇ ಮಾಡಿಸೋಣ." ನೆಂಟರೆಲ್ಲ "ದೇವರೇ ಕೊಡ್ತಿರೋವಾಗ ಯಾಕೆ ಬೇಡ ಅಂತೀರಿ" ಅಂದರು. ಅವರ ಮನಸ್ಸಿನಲ್ಲಿ ಓಡುತ್ತಿದ್ದದ್ದು ಅದೇ ಮೆಟ್ಟಿಲಿನ ಸೀನ್. ಕಾಯ್ದೆಯಲ್ಲಿ ಅದಕ್ಕೆ ಇರುವುದು ಮಕ್ಕಳ ಮಾರಾಟ ಅನ್ನೋ ಹೆಸರು, ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆ.

ಶಾಲೆ ಬೆಲ್:
@ತೊಟ್ಟಿಲು, ಮನೆಗೆ ಬಂದು ತಪಾಸಣೆ ಮಾಡ್ತಾರಲ್ಲ, ಅದು ಹೇಗಿತ್ತು? ಸಿನಿಮಾದಲ್ಲಿ ಆ ಅಧಿಕಾರಿ ಯಾವಾಗಲೂ ಬಿಗಿ ಮುಖ ಮಾಡಿಕೊಂಡು ಧೂಳು ಮುಟ್ಟಿ ನೋಡ್ತಾರೆ.

ತೊಟ್ಟಿಲು:
ಧೂಳು ಯಾರೂ ಮುಟ್ಟಲಿಲ್ಲ! ಬಂದವರು ಸಮಾಜ ಕಾರ್ಯಕರ್ತೆ, ಭುಜದ ಮೇಲೊಂದು ಬಟ್ಟೆ ಚೀಲ. ಸಂಬಳದ ಸ್ಲಿಪ್, ಆರೋಗ್ಯದ ಪತ್ರ ಎಲ್ಲ ಮೊದಲೇ ಆನ್‌ಲೈನ್‌ನಲ್ಲಿ ಹಾಕಿದ್ದೆವು, ಅವನ್ನು ಒಮ್ಮೆ ತಾಳೆ ನೋಡಿದರು. ಆಮೇಲೆ ಮಾತು. ಮಗುವಿಗೆ ಜ್ವರ ಬಂದರೆ ಇಬ್ಬರಲ್ಲಿ ಯಾರು ರಜೆ ಹಾಕ್ತೀರಿ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದನ್ನೂ ಬರೆದುಕೊಂಡರು. ನಿಮ್ಮ ಅಮ್ಮನಿಗೆ ಈ ವಿಷಯ ಒಪ್ಪಿಗೆ ಇದೆಯಾ ಅಂತ ನಮ್ಮ ಅಮ್ಮನನ್ನೇ ಪಕ್ಕದ ರೂಮಿನಲ್ಲಿ ಕೇಳಿದರು.

ಕೊನೆಗೆ, "ದತ್ತು ಅಂತ ಮಗುವಿಗೆ ಯಾವಾಗ, ಹೇಗೆ ಹೇಳ್ತೀರಿ?" ಸಿನಿಮಾದಲ್ಲಿ ಇದು ಇಂಟರ್ವಲ್ ಬಾಂಬ್. "ನೀನು ನಮ್ಮ ಹೊಟ್ಟೇಲಿ ಹುಟ್ಟಿದವನಲ್ಲ" ಅಂತ ಒಬ್ಬರು ಚೀರುತ್ತಾರೆ, ಗುಡುಗು, ಮಳೆ, ಹುಡುಗ ರೈಲು ಹತ್ತುತ್ತಾನೆ. ಇಲ್ಲಿ ಮಗು ಮನೆಗೆ ಬರುವ ಮೊದಲೇ ಆ ಪ್ರಶ್ನೆ ಟೇಬಲ್ ಮೇಲಿತ್ತು. ನಮ್ಮ ಮಗಳಿಗೆ ಚಿಕ್ಕಂದಿನಿಂದ ಗೊತ್ತು. ಅವಳಿಗೆ ಅದೊಂದು ದೊಡ್ಡ ಸುದ್ದಿಯೇ ಅಲ್ಲ. ಇಂಥ ಸೀನ್ ಬಂದರೆ ನಮಗಿಂತ ಮೊದಲು ಅವಳೇ ಚಾನೆಲ್ ಬದಲಿಸುತ್ತಾಳೆ.

ಇನ್ನು ದತ್ತು ಆದೇಶಕ್ಕೆ ಈಗ ಕೋರ್ಟಿಗೆ ಹೋಗುವುದಿಲ್ಲ. 2021ರ ತಿದ್ದುಪಡಿ ಆದ ಮೇಲೆ ಆದೇಶ ಕೊಡುವುದು ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೀರಿಯಲ್‌ನವರು ಇನ್ನೂ ಜಡ್ಜ್ ಮುಂದೆಯೇ ನಿಲ್ಲಿಸುತ್ತಿದ್ದಾರೆ.

ಸಮಿತಿ ಪಕ್ಕದ ಬೆಂಚು:
ನಾನು ಮಕ್ಕಳ ರಕ್ಷಣೆ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ. ಎಲ್ಲಿ ಅಂತ ಬೇಡ.

ಸಿನಿಮಾದಲ್ಲಿ ಮಕ್ಕಳ ಕಲ್ಯಾಣ ಸಮಿತಿ ಅಂತ ಒಂದಿದೆ ಅಂತಲೇ ತೋರಿಸುವುದು ಅಪರೂಪ. ಅದರ ಬದಲು ಒಬ್ಬ ಆಫೀಸರ್ ಇರುತ್ತಾನೆ. ಜೀಪಿನಲ್ಲಿ ಬರುತ್ತಾನೆ, ಗುಡಿಸಲಿಗೆ ನುಗ್ಗುತ್ತಾನೆ, "ನಿನಗೆ ಸಾಕೋ ಯೋಗ್ಯತೆ ಇಲ್ಲ" ಅಂತ ಮಗುವನ್ನು ಎಳೆದುಕೊಂಡು ಹೋಗುತ್ತಾನೆ. ತಾಯಿ ಜೀಪಿನ ಹಿಂದೆ ಓಡುತ್ತಾಳೆ.

ಆ ಒಬ್ಬ ಮನುಷ್ಯನಿಗೆ ಅಂಥ ಅಧಿಕಾರ ಇಲ್ಲ. ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮಗುವನ್ನು ತಂದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಇವರ ಮುಂದೆ ಹಾಜರುಪಡಿಸಬೇಕು. ಮನೆಯ ಸ್ಥಿತಿಗತಿ ವರದಿ 15 ದಿನದಲ್ಲಿ ಬರಬೇಕು. ನೀವು ಒಳಗೆ ಬಂದು ನೋಡಿದರೆ ನಿರಾಸೆ ಆಗಬಹುದು. ಬಾಲಮಂದಿರದ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಚಕ್ರ ಕಳಚಿದ ಒಂದು ಆಟದ ಲಾರಿ. ಕರಿ ಕೋಟಿಲ್ಲ, ಕಟಕಟೆ ಇಲ್ಲ. ಮಗು ಆ ಲಾರಿ ಹಿಡಿದುಕೊಂಡೇ ಉತ್ತರ ಕೊಡುತ್ತಿರುತ್ತದೆ.

ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅಂತ ಕಾಯ್ದೆಯ ಮೂಲ ತತ್ವಗಳಲ್ಲೇ ಇದೆ. ಮನೆಯಲ್ಲೇ ಉಳಿಸಲು ಪ್ರಾಯೋಜಕತ್ವ ಅನ್ನೋ ವ್ಯವಸ್ಥೆ ಇದೆ. ಅರ್ಹ ಮಗುವಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ.

ಇದರ ಇನ್ನೊಂದು ಮುಖ ಹೇಳ್ತೀನಿ. ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. ಮಗಳು ಅಳಿಯ ಇಬ್ಬರೂ ಇಲ್ಲ. ಅಜ್ಜಿ ಬೇರೆಯವರ ಮನೆ ಕೆಲಸ ಮಾಡಿ ಸಾಕುತ್ತಿದ್ದರು. ದುಡ್ಡಿಗೆ ಅರ್ಜಿ ಹಾಕಿ ಅಂತ ಹೋದರೆ ಬಾಗಿಲೇ ತೆಗೆಯಲಿಲ್ಲ. ಕಿಟಕಿಯಿಂದಲೇ, "ಮಕ್ಕಳು ಊರಲ್ಲಿಲ್ಲ, ಹೋಗಿ" ಅಂದರು. ದೊಡ್ಡವಳ ಯೂನಿಫಾರ್ಮ್ ಹಗ್ಗದ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. ಪಕ್ಕದ ಮನೆಯವರು ಆಮೇಲೆ ಹೇಳಿದರು, ಟಿವಿಯಲ್ಲಿ ಆ ಜೀಪಿನ ಸೀನ್ ಬಂದಾಗಿನಿಂದ ಯಾರು ಫೈಲ್ ಹಿಡಿದು ಬಂದರೂ ಅಜ್ಜಿ ಹೀಗೇ ಮಾಡ್ತಾರಂತೆ. ಕೊನೆಗೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಮಾತಾಡಿಸಬೇಕಾಯಿತು. ಅಷ್ಟರಲ್ಲಿ ಒಂದು ಶಾಲಾ ವರ್ಷ ಕಳೆದಿತ್ತು.

@ಹಳೇ ಟಾಕೀಸು, ನಿಮ್ಮ ಭೌತಶಾಸ್ತ್ರದ ಪ್ರಶ್ನೆಗೆ ನನ್ನ ಉತ್ತರ ಈ ಕಿಟಕಿ.

ಹಳೇ ಟಾಕೀಸು:
ಸರಿ, ಅಜ್ಜಿ ವಿಷಯ ಒಪ್ಪಿದೆ. ಆದರೆ ನೀವು ವ್ಯವಸ್ಥೆಯನ್ನ ಜಾಸ್ತಿ ಹೊಗಳ್ತಿದ್ದೀರಿ. ಬೆತ್ತ ಹಿಡಿದ ವಾರ್ಡನ್ ಸುಳ್ಳಾ? 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಇಡೀ ದೇಶ ಓದಿದೆ. ಸರ್ಕಾರದ ದುಡ್ಡಲ್ಲೇ ನಡೀತಿದ್ದ ಮನೆ ಅದು. ಸಿನಿಮಾದವರ ವಿಲನ್ ಅದಕ್ಕಿಂತ ಎಷ್ಟೋ ಮೇಲು.

ಸಮಿತಿ ಪಕ್ಕದ ಬೆಂಚು:
ಸುಳ್ಳಲ್ಲ. ಒಳಗಿದ್ದು ನೋಡಿದವರಿಗೆ ನಿಮಗಿಂತ ಜಾಸ್ತಿ ಗೊತ್ತು. ಹುದ್ದೆ ಖಾಲಿ ಬಿದ್ದಿರುತ್ತವೆ, ಒಬ್ಬ ಕಾರ್ಯಕರ್ತೆ ಮೂವರ ಕೆಲಸ ಮಾಡುತ್ತಾಳೆ, ತಪಾಸಣೆ ಅಂದರೆ ಕೆಲವು ಕಡೆ ರಿಜಿಸ್ಟರ್‌ಗೆ ಸಹಿ ಹಾಕಿ ಟೀ ಕುಡಿದು ಹೋಗುವುದು.

ಆದರೆ ಆ ಪ್ರಕರಣ ಹೊರಗೆ ಬಂದದ್ದು ಹೇಗೆ ನೋಡಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಬಿಹಾರದ ಆಶ್ರಯ ಮನೆಗಳ ಸೋಶಿಯಲ್ ಆಡಿಟ್ ಮಾಡಿತು. ಮನೆ ಮನೆಗೆ ಹೋಗಿ ಮಕ್ಕಳ ಜೊತೆ ಕೂತು ಮಾತಾಡಿ ವರದಿ ಬರೆಯಿತು. ಅದರಿಂದ ಬಾಗಿಲು ತೆರೆಯಿತು. ಗೋಡೆ ಒಡೆದುಕೊಂಡು ಬಂದ ಹೀರೋ ಯಾರೂ ಇರಲಿಲ್ಲ. ಸಿನಿಮಾದಲ್ಲಿ ವಾರ್ಡನ್‌ಗೆ ನಾಲ್ಕು ಏಟು ಬಿದ್ದರೆ ಕಥೆ ಮುಗಿಯಿತು. ಆ ಮನೆಗೆ ನೋಂದಣಿ ಇತ್ತಾ, ತಪಾಸಣೆ ಮಾಡಬೇಕಾದವರು ಎಲ್ಲಿದ್ದರು, ದುಡ್ಡು ಬಿಡುಗಡೆ ಮಾಡಿದವರು ಯಾರು, ಈ ಪ್ರಶ್ನೆ ಕೇಳುವುದಿಲ್ಲ. ವ್ಯವಸ್ಥೆಯನ್ನು ಬೈದ ಹಾಗೆ ಕಾಣುತ್ತದೆ, ಆದರೆ ನಿಜವಾಗಿ ಬಿಟ್ಟುಬಿಡುತ್ತದೆ.

ಇನ್ನು ಹೀರೋ ಅನಾಥಾಶ್ರಮದಲ್ಲಿ ಬರ್ತ್‌ಡೇ ಮಾಡಿಕೊಳ್ಳುವ ಹಾಡು. ಮಕ್ಕಳ ಮುಖಕ್ಕೆ ಕೇಕ್, ಕ್ಯಾಮೆರಾ ಹತ್ತಿರ ಹತ್ತಿರ. ಅದನ್ನು ನೋಡಿ ಜನ ನಿಜವಾದ ಮನೆಗಳಿಗೆ ಮೊಬೈಲ್ ಹಿಡಿದು ಬರುತ್ತಾರೆ. ರಕ್ಷಣೆಯಲ್ಲಿರುವ ಮಗುವಿನ ಗುರುತು ಗೊತ್ತಾಗುವ ಹಾಗೆ ಫೋಟೋ ಹಾಕುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ ಅಪರಾಧ. ಬೇಡ ಅಂದರೆ ನಮ್ಮ ಮೇಲೇ ಸಿಟ್ಟು.

ರಾತ್ರಿ ಪಾಳಿ:
ನರ್ಸ್ ಆಗಿ ಮನೋರೋಗ ವಿಭಾಗದಲ್ಲಿ ಇದ್ದವಳು ನಾನು. ಆಸ್ತಿಗೋಸ್ಕರ ಅಣ್ಣನನ್ನು ಹುಚ್ಚ ಅಂತ ಸಹಿ ಹಾಕಿ ಸೇರಿಸುವ ತಮ್ಮ, ಕೈಕಾಲು ಕಟ್ಟಿ ಎಚ್ಚರ ಇರುವಾಗಲೇ ಕರೆಂಟ್ ಕೊಡುವ ಡಾಕ್ಟರ್. ಈ ಜೋಡಿ ಇಲ್ಲದ ಮಾನಸಿಕ ಆಸ್ಪತ್ರೆ ಸೀನ್ ತೋರಿಸಿ ನೋಡೋಣ.

2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಆ ಚಿಕಿತ್ಸೆ ಕೊಡುವುದೇ ನಿಷಿದ್ಧ. ಸರಪಳಿ ಹಾಕುವುದೂ ನಿಷಿದ್ಧ. ಮನೆಯವರ ಸಹಿಯೊಂದೇ ಸಾಲದು. ರೋಗಿಯ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ಮೊದಲ ಅವಧಿ 30 ದಿನದವರೆಗೆ ಮಾತ್ರ. ಏಳು ದಿನದೊಳಗೆ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು, ಹೆಂಗಸರು ಮತ್ತು ಅಪ್ರಾಪ್ತರಾದರೆ ಮೂರು ದಿನ. ತನ್ನ ಪರವಾಗಿ ಮಾತಾಡಲು ಯಾರು ಬೇಕು ಅಂತ ರೋಗಿ ಮೊದಲೇ ಬರೆದಿಡಬಹುದು. ಅದು ತಮ್ಮನೇ ಆಗಬೇಕಿಲ್ಲ, ಗೆಳೆಯನೂ ಆಗಬಹುದು.

ನನ್ನನ್ನು ಕಾಡುವುದು ಇದು. ಚಿಕಿತ್ಸೆಯಿಂದ ಗುಣ ಆಗಬಹುದಾಗಿದ್ದ ಒಬ್ಬ ಹೆಂಗಸು ಮೂರು ದಿನ ಊಟ ಬಿಟ್ಟು ಕೂತಿದ್ದರು. ಮಗ "ಕರೆಂಟ್ ಕೊಡಬೇಡಿ, ಅಮ್ಮ ಗೊಂಬೆ ಥರ ಆಗಿಬಿಡ್ತಾಳೆ" ಅಂತ ಸಹಿ ಹಾಕಲು ಒಪ್ಪಲೇ ಇಲ್ಲ. ಅವನು ಅದಕ್ಕೆ ಮೊದಲು ಒಂದು ಆಸ್ಪತ್ರೆಯನ್ನೂ ಒಳಗಿನಿಂದ ನೋಡಿದವನಲ್ಲ.

ಶಾಲೆ ಬೆಲ್:
ಅಡ್ಮಿಷನ್ ಕೌಂಟರ್‌ನಲ್ಲಿ ಕೂರುವವಳು ನಾನು. "ಅಪ್ಪನ ಸಹಿ ಇಲ್ಲದೆ ಏನೂ ಆಗಲ್ಲ ಅಲ್ವಾ ಮೇಡಂ" ಅಂತ ತಾಯಂದಿರು ಈಗಲೂ ಕೇಳುತ್ತಾರೆ. ಬಿಟ್ಟುಹೋದ ಗಂಡನನ್ನು ಒಂದು ಸಹಿಗೋಸ್ಕರ ಹುಡುಕಿಕೊಂಡು ಹೋಗುವ ಹೀರೋಯಿನ್‌ಗಳನ್ನು ನೋಡಿ ನೋಡಿ ಹೀಗಾಗಿದೆ. ಇದಕ್ಕೆ ಕಾನೂನು ಏನನ್ನುತ್ತೆ ಗುಮಾಸ್ತರೇ?

ಹಳೇ ಗುಮಾಸ್ತ:
1956ರ ಕಾಯ್ದೆಯಲ್ಲಿ ಅಪ್ಪ, "ಅವನ ನಂತರ" ಅಮ್ಮ ಅಂತ ಇರುವುದು ನಿಜ. ಆದರೆ 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಪ್ಪ ಸತ್ತ ಮೇಲೆ ಅಂತಲೇ ಓದಬೇಕಿಲ್ಲ ಅಂದಿತು. ಅಪ್ಪ ದೂರ ಇದ್ದರೆ, ಮಗುವಿನ ಉಸಾಬರಿಗೇ ಬರದಿದ್ದರೆ, ತಾಯಿ ಗಾರ್ಡಿಯನ್ ಆಗಿ ನಡೆಯಬಹುದು. ಲೇಖಕಿ ಗೀತಾ ಹರಿಹರನ್ ತಂದ ಕೇಸು ಅದು. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕ್ ಬಾಂಡ್ ಕೊಳ್ಳಲು ಹೋದಾಗ ಅಪ್ಪನ ಸಹಿ ಬೇಕು ಅಂದರು, ಅಲ್ಲಿಂದ ಶುರು. ಕಾಲು ಶತಮಾನ ಕಳೆದಿದೆ. ಹೀರೋಯಿನ್ ಇನ್ನೂ ಹುಡುಕುತ್ತಿದ್ದಾಳೆ.

ಹಳೇ ಟಾಕೀಸು:
ನೋಡಿ, ಇದು ಸಿನಿಮಾ! ಒಂದು ಬಾಂಡ್ ಅರ್ಜಿಯಿಂದ ಸುಪ್ರೀಂ ಕೋರ್ಟ್‌ವರೆಗೆ. ಇದನ್ನ ಯಾಕೆ ಯಾರೂ ತೆಗೆಯಲ್ಲ?

ನನಗೂ ಒಂದು ಐಡಿಯಾ ಬಂತು. ಮಕ್ಕಳು ಹೊರಗೆ ಹಾಕಿದ ಅಪ್ಪ ಛತ್ರಿ ಹಿಡಿದು ಮಳೆಯಲ್ಲಿ ನಡೆದುಹೋಗೋ ಸೀನ್ ಇದೆಯಲ್ಲ, ಅದನ್ನ ಅಲ್ಲಿಗೆ ನಿಲ್ಲಿಸಬಾರದು. ಅವನು ನೇರ ಎಸಿ, ಅಂದ್ರೆ ಉಪವಿಭಾಗಾಧಿಕಾರಿ, ಆಫೀಸಿಗೆ ಹೋಗಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅರ್ಜಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಮಗನಿಗೆ ಬರೆದುಕೊಟ್ಟ ದಾನಪತ್ರ ರದ್ದು ಮಾಡಿ ಅಂತ ಕೇಳ್ತಾನೆ. ಎದುರಿಗೆ ಮಗ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಸರದಿ ಕಾಯಬೇಕು, ಬೇರೆ ಬೆಂಚಿಲ್ಲ. ಮಗನ ಮೊಬೈಲ್ ಚಾರ್ಜ್ ಮುಗಿದಿದೆ. ಅಪ್ಪನ ಚೀಲದಲ್ಲಿ ಚಾರ್ಜರ್ ಇದೆ, ಮಗ ಕೊಡಿಸಿದ್ದೇ. ಕೊಡ್ತಾನೋ ಇಲ್ವೋ? ಅಲ್ಲಿ ಇಂಟರ್ವಲ್. ವಾಪಸ್ ಬಂದ ತಕ್ಷಣ ತೀರ್ಪು.

ರಾತ್ರಿ ಪಾಳಿ:
ನಾನು ಟಿಕೆಟ್ ತಗೋತೀನಿ. ಆದರೆ ಸೊಸೆಯನ್ನೇ ವಿಲನ್ ಮಾಡಬೇಡಿ ದಯವಿಟ್ಟು.

ಹಳೇ ಗುಮಾಸ್ತ:
ಸೀನ್ ಚೆನ್ನಾಗಿದೆ. ತೀರ್ಪನ್ನು ಮಾತ್ರ ಸ್ವಲ್ಪ ತಡ ಮಾಡಿ. ಜೀವನಾಂಶದ ಅರ್ಜಿಯನ್ನೂ ಜೊತೆಗೇ ಹಾಕಿಸಿ. ಅದಕ್ಕೆ ನೋಟಿಸ್ ತಲುಪಿದ ಮೇಲೆ 90 ದಿನ ಇದೆ, ವಿಶೇಷ ಕಾರಣ ಇದ್ದರೆ ಒಮ್ಮೆ ಇನ್ನೂ 30 ದಿನ. ಅದಕ್ಕೂ ಮೊದಲು ರಾಜಿ ಅಧಿಕಾರಿಯ ಹತ್ತಿರ ಕಳಿಸಬಹುದು, ನಿಮಗೆ ಇನ್ನೊಂದು ಒಳ್ಳೇ ಪಾತ್ರ ಸಿಗುತ್ತದೆ. ಮಗ ಕೋಟ್ಯಧಿಪತಿ ಅಂತ ತಿಂಗಳಿಗೆ ಲಕ್ಷ ಕೊಡಿಸಬೇಡಿ, ಕಾಯ್ದೆಯಲ್ಲಿರುವ ಗರಿಷ್ಠ ಮಿತಿ 10,000 ರೂಪಾಯಿ. ಮತ್ತೆ ಆ ಸುತ್ತಿಗೆ, ದಯವಿಟ್ಟು ಬೇಡ. ಎಸಿ ಟೇಬಲ್ ಮೇಲೆ ಇರುವುದು ಸೀಲು ಮತ್ತು ಇಂಕ್ ಪ್ಯಾಡ್.